ಕಪ್ಪು ಸೆಡಾನ್‌ನ ಮಬ್ಬು: ಮೆಷಿನ್ ಪಾಲಿಶಿಂಗ್ ಮತ್ತು ಪ್ಯಾಡ್ ಸಿದ್ಧತೆಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಇದು ದಕ್ಷಿಣ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಸಣ್ಣ ಕಾರ್ ಡೀಟೇಲಿಂಗ್ ಅಂಗಡಿಯಲ್ಲಿ ನಡೆದ ಪ್ರಕರಣ. ಅಂಗಡಿಯವರ ಮತ್ತು ಗ್ರಾಹಕರ ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟು, ಕೆಲಸಕ್ಕೆ ಸಂಬಂಧಪಟ್ಟದ್ದನ್ನು ನಡೆದಂತೆಯೇ ಇಟ್ಟಿದ್ದೇನೆ. ಮಾಲೀಕರು ಹಲವು ವರ್ಷ ವಾಟರ್ ಸರ್ವಿಸ್ ನಡೆಸಿ, ಬಣ್ಣದ ಮೇಲೆ ರಕ್ಷಣೆಗೆ ಹಾಕುವ ಸೆರಾಮಿಕ್ ಕೋಟಿಂಗ್ ಕೇಳಿಕೊಂಡು ಬರುವವರು ಹೆಚ್ಚಿದ ಮೇಲೆ ಪಾಲಿಶಿಂಗ್‌ಗೆ ಇಳಿದವರು. ಅವರ ಬಳಿ ಇದ್ದ ಹಿರಿಯ ಕೆಲಸಗಾರರು ಅದಕ್ಕೂ ಮೊದಲು ಡೆಂಟಿಂಗ್-ಪೇಂಟಿಂಗ್ ಗ್ಯಾರೇಜಿನಲ್ಲಿ ರೋಟರಿ ಮೆಷಿನ್ ಹಿಡಿದು ರಬ್ಬಿಂಗ್ ಮಾಡುತ್ತಿದ್ದವರು. ಪ್ರಕರಣದ ಅರ್ಧ ಕಥೆ ಈ ಎರಡನೆಯ ಸಂಗತಿಯಲ್ಲಿಯೇ ಇದೆ.

ರೋಟರಿಯಲ್ಲಿ ಪ್ಯಾಡ್ ಮೋಟಾರಿನ ಅಕ್ಷಕ್ಕೆ ನೇರವಾಗಿ ಬಿಗಿದುಕೊಂಡು ತಿರುಗುತ್ತದೆ. ಒತ್ತಿ ಹಿಡಿದರೂ ತಿರುಗುವುದು ನಿಲ್ಲುವುದಿಲ್ಲವಾದ್ದರಿಂದ ಅದು ಬೇಗ ಕೊರೆಯುತ್ತದೆ, ಬೇಗ ಬಿಸಿಯೇರಿಸುತ್ತದೆ, ಅಂಚುಗಳಲ್ಲಿ ಎಚ್ಚರ ತಪ್ಪಿದರೆ ಬಣ್ಣವನ್ನು ಸುಡುತ್ತದೆ. ಡ್ಯುಯಲ್ ಆಕ್ಷನ್, ಅಂದರೆ ಡಿಎ ಮೆಷಿನ್‌ನಲ್ಲಿ, ಪ್ಯಾಡ್ ಸಣ್ಣ ವೃತ್ತದಲ್ಲಿ ಓಲಾಡುತ್ತಲೇ ಬೇರಿಂಗ್ ಮೇಲೆ ತನ್ನಷ್ಟಕ್ಕೆ ತಾನೂ ತಿರುಗುತ್ತದೆ. ಓಲಾಟವನ್ನು ಮೋಟಾರ್ ಕೊಡುತ್ತದೆ. ತಿರುಗುವಿಕೆ ಬಿಟ್ಟಿ ಬಂದದ್ದು, ಹೆಚ್ಚು ಒತ್ತಿದರೆ ಅಥವಾ ಪ್ಯಾಡ್ ವಾರೆಯಾದರೆ ನಿಂತುಹೋಗುತ್ತದೆ. ಅಂಗಡಿಯಲ್ಲಿದ್ದದ್ದು 15 ಮಿ.ಮೀ. ಓಲಾಟದ ಡಿಎ, ಪ್ಯಾಡ್ ಅಂಟಿಸುವ 5 ಇಂಚಿನ ಬ್ಯಾಕಿಂಗ್ ಪ್ಲೇಟು, ಫೋಮ್ ಮತ್ತು ಮೈಕ್ರೋಫೈಬರ್ ಪ್ಯಾಡ್‌ಗಳು. ಸಲಕರಣೆಯಲ್ಲಿ ದೋಷವೇನೂ ಇರಲಿಲ್ಲ.

ಕಾರು ಕಪ್ಪು ಬಣ್ಣದ, ಆರು ವರ್ಷ ಹಳೆಯ ಸೆಡಾನ್. ಅಪಾರ್ಟ್‌ಮೆಂಟಿನ ಬಯಲಿನಲ್ಲಿ ನಿಲ್ಲುತ್ತಿತ್ತು, ಬೋರ್‌ವೆಲ್ ನೀರಿನಲ್ಲಿ ತೊಳೆಸಿಕೊಳ್ಳುತ್ತಿತ್ತು, ತಿಂಗಳ ಲೆಕ್ಕದಲ್ಲಿ ಕಾರು ಒರೆಸುವವರ ಕೈಯಲ್ಲಿ ದಿನವೂ ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿತ್ತು. ನಮ್ಮೂರುಗಳಲ್ಲಿ ಕಪ್ಪು ಕಾರು ಕೊಳ್ಳುವವರಿಗೆ ಈ ಕೊನೆಯ ಸಂಗತಿಯನ್ನು ಶೋರೂಮಿನಲ್ಲಿಯೇ ಯಾರಾದರೂ ಹೇಳಬೇಕು.

ಸಮಸ್ಯೆ

ಮೊದಲ ಸುತ್ತಿನಲ್ಲಿ ಕಾರನ್ನು ತೊಳೆದು, ಅಂಟಿದ ಕೊಳೆ ಎತ್ತುವ ಕ್ಲೇ ಬಾರ್ ಎಳೆದು, ಕಟಿಂಗ್ ಫೋಮ್ ಪ್ಯಾಡ್ ಮತ್ತು ಕೊರೆಯುವ ಕಣಗಳಿರುವ ಲೇಪವಾದ ಕಾಂಪೌಂಡ್‌ನಿಂದ ಇಡೀ ಮೈಯನ್ನು ಪಾಲಿಶ್ ಮಾಡಿ, ಮೇಲೆ ಎಣ್ಣೆಯಂಶವಿರುವ ಗ್ಲೇಜ್ ಹಚ್ಚಿ, ಸಂಜೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಗ್ರಾಹಕರಿಗೆ ಒಪ್ಪಿಸಲಾಗಿತ್ತು. ಕೆಲವು ಸಲ ತೊಳೆದ ಮೇಲೆ ಗ್ರಾಹಕರು ಮರಳಿ ಬಂದರು. “ತಗೊಂಡು ಹೋದಾಗ ಚೆನ್ನಾಗೇ ಇತ್ತು ಸರ್, ಈಗ ಬಿಸಿಲಲ್ಲಿ ನಿಲ್ಲಿಸಿದ್ರೆ ಮೊದಲಿಗಿಂತ ಕಡೆ” ಎಂಬುದು ಅವರ ದೂರು. ದೂರು ನ್ಯಾಯವಾಗಿಯೇ ಇತ್ತು. ಗ್ಲೇಜ್ ಗೀರುಗಳನ್ನು ತೆಗೆಯುವುದಿಲ್ಲ, ತುಂಬಿ ಮರೆಮಾಡುತ್ತದೆ. ಅದು ತೊಳೆದುಹೋದಂತೆ ಒಳಗಿನದು ಹೊರಗೆ ಬಂದಿತ್ತು.

ಬಿಸಿಲಿನಲ್ಲಿ ಕಾಣುತ್ತಿದ್ದ ಗುರುತುಗಳು ಎರಡು ಬಗೆಯವು. ಒಂದು, ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ತೋರುವ ಹಳೆಯ ಸ್ವರ್ಲ್ ಮಾರ್ಕ್‌ಗಳು. ಒರೆಸುವುದರಿಂದ ಆದವು, ಪೂರ್ತಿ ಹೋಗದೆ ಉಳಿದವು. ಇನ್ನೊಂದು, ಅವುಗಳ ನಡುವಿನ ಕಪ್ಪು ಜಾಗದಲ್ಲೆಲ್ಲ ಹರಡಿದ್ದ ಬೆಳ್ಳನೆಯ ಮಬ್ಬು. ಟಾರ್ಚ್ ಹತ್ತಿರ ಹಿಡಿದು ನೋಡಿದರೆ ಆ ಮಬ್ಬು ತೀರ ಗಿಡ್ಡನೆಯ, ಕೊಕ್ಕೆಯಾಕಾರದ, ಒತ್ತೊತ್ತಾದ ಗೀರುಗಳ ಗುಂಪು. ರೋಟರಿ ಬಿಡುವ ಹಾಲೋಗ್ರಾಮ್ ಹೀಗಿರುವುದಿಲ್ಲ. ಅದು ಮೆಷಿನ್ ಸಾಗಿದ ದಾರಿಯನ್ನು ಹಿಡಿದು ಉದ್ದುದ್ದ ಪಟ್ಟೆಗಳಾಗಿ ಕಾಣುತ್ತದೆ, ನಾವು ಸರಿದಂತೆ ತಾನೂ ಸರಿಯುತ್ತದೆ. ಕೊಕ್ಕೆ ಗೀರುಗಳು ಡಿಎ ಮೆಷಿನ್‌ನ ಓಲಾಟದ ಗುರುತು. ಎಂದರೆ ಎರಡನೆಯ ದೋಷವನ್ನು ಅಂಗಡಿಯ ಪಾಲಿಶಿಂಗೇ ತಂದಿತ್ತು.

ಮಾಲೀಕರು ಮಾಡಿದ ಮೊದಲ ನಿರ್ಧಾರ ಹೆಚ್ಚಿನವರು ಮಾಡುವಂಥದ್ದೇ: ಇನ್ನೂ ಖಾರವಾದ ಕಾಂಪೌಂಡ್ ತರಿಸಿದರು. ಮಬ್ಬು ದಟ್ಟವಾಯಿತು. ಫೋಮ್ ಬದಲು ಮೈಕ್ರೋಫೈಬರ್ ಪ್ಯಾಡ್ ಹಾಕಿ ನೋಡಿದರು. ಸ್ವರ್ಲ್ ಕಡಿಮೆಯಾಯಿತು, ಮಬ್ಬು ಇನ್ನಷ್ಟು ಏರಿತು. ಹಿರಿಯ ಕೆಲಸಗಾರರಿಗೆ ಡಿಎ ಮೆಷಿನ್ ಮೇಲೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ. “ರೋಟರಿ ಕೊಡಿ ಅಣ್ಣ, ಒಂದೇ ದಿನದಲ್ಲಿ ತೆಗೀತೀನಿ” ಎಂದರು. ತೆಗೆಯುತ್ತಿದ್ದರೇನೋ. ಆದರೆ ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಎಂಬುದು ಗೊತ್ತಿಲ್ಲದೆ ಮತ್ತೊಮ್ಮೆ ಕೊರೆಯಲು ಮಾಲೀಕರು ಹಿಂಜರಿದರು, ಕೆಲಸ ನಿಲ್ಲಿಸಿ ನನ್ನನ್ನು ಕರೆದರು. ಪ್ರಕರಣದ ಮೊದಲ ತಿರುವು ಆ ಹಿಂಜರಿಕೆ.

ಅಳತೆ ಮತ್ತು ನಾಲ್ಕು ಚೌಕಗಳು

ಮೊದಲು ಕಾರನ್ನು ತೊಳೆದು, ಉಳಿದಿದ್ದ ಗ್ಲೇಜನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರಿನಿಂದ ಒರೆಸಿ ತೆಗೆದು, ಬಣ್ಣದ ದಪ್ಪವನ್ನು ಗೇಜ್‌ನಿಂದ ಅಳೆದೆವು. ಕಾರ್ಖಾನೆಯಿಂದ ಬಂದ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100 ಮೈಕ್ರಾನಿನ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸಿನಲ್ಲಿರುತ್ತದೆ, ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಪಾಲಿಶ್ ಮಾಡುವವನಿಗೆ ಸಿಗುವ ಬಂಡವಾಳ ಇಷ್ಟೇ, ಅದರಲ್ಲೂ ಮೇಲಿನ ಸ್ವಲ್ಪ ಭಾಗ ಮಾತ್ರ. ಸಾಮಾನ್ಯ ಗೇಜ್ ಕಬ್ಬಿಣ ಅಥವಾ ಅಲ್ಯೂಮಿನಿಯಂ ತಗಡಿನ ಮೇಲೆ ಒಟ್ಟು ದಪ್ಪವನ್ನು ಹೇಳುತ್ತದೆಯೇ ಹೊರತು ಪದರಗಳನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಪ್ಲಾಸ್ಟಿಕ್ ಬಂಪರ್ ಮೇಲೆ ಏನನ್ನೂ ಹೇಳುವುದಿಲ್ಲ. ಬಾನೆಟ್ಟು 105ರಿಂದ 120ರ ನಡುವೆ ತೋರಿಸಿತು. ರೂಫಿನ ಅಂಚುಗಳಲ್ಲಿ ಅಂಕಿ 80ರ ಆಸುಪಾಸಿಗೆ ಇಳಿಯಿತು. ಎಡಗಡೆಯ ಹಿಂಬಾಗಿಲಿನಲ್ಲಿ ಮಾತ್ರ 230ನ್ನು ದಾಟಿತು. ಈ ಕೊನೆಯ ಎರಡಕ್ಕೆ ಮುಂದೆ ಬರುತ್ತೇನೆ.

ಬಾನೆಟ್ಟಿನಲ್ಲಿ ಮಾಸ್ಕಿಂಗ್ ಟೇಪಿನಿಂದ ನಾಲ್ಕು ಚೌಕಗಳನ್ನು ಗುರುತಿಸಿದೆವು. ಮೆಷಿನ್ ಒಂದೇ, ವೇಗ ಒಂದೇ, ಕಾಂಪೌಂಡ್ ಕೂಡ ಮೊದಲ ಸುತ್ತಿನಲ್ಲಿ ಬಳಸಿದ ಹಳೆಯದೇ. ಹೊಸದಾಗಿ ತಂದ ಖಾರದ ಕಾಂಪೌಂಡನ್ನು ಪಕ್ಕಕ್ಕಿಟ್ಟೆವು. ಮೊದಲ ಚೌಕವನ್ನು ಹಿರಿಯ ಕೆಲಸಗಾರರು ತಮ್ಮ ಎಂದಿನ ರೀತಿಯಲ್ಲಿ, ಎಂದಿನ ಪ್ಯಾಡ್‌ನಲ್ಲಿ ಮಾಡಬೇಕೆಂದು ಕೇಳಿಕೊಂಡೆವು. ಆಗ ಕಂಡದ್ದು ಹೀಗಿತ್ತು: ಹಿಂದಿನ ಕಾರಿನಲ್ಲಿ ಬಳಸಿದ ಪ್ಯಾಡ್ ಅನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ, ಅದರ ಮೇಲೆ ಸ್ಪ್ರೇ ಬಾಟಲಿಯಿಂದ ಎರಡು ಸಲ ನೀರು ಚಿಮ್ಮಿಸಿ, ನಡುವೆ ಒಂದು ದೊಡ್ಡ ಹನಿ ಕಾಂಪೌಂಡ್ ಇಟ್ಟು, ಮೈಭಾರವನ್ನೆಲ್ಲ ಹಾಕಿ ಒತ್ತಿ, ಕೈಯನ್ನು ಸರಸರನೆ ಓಡಿಸಿದರು. ಗ್ಯಾರೇಜಿನಲ್ಲಿ ಉಣ್ಣೆಯ ಪ್ಯಾಡ್, ಗಟ್ಟಿಯಾದ ರಬ್ಬಿಂಗ್ ಕಾಂಪೌಂಡ್ ಮತ್ತು ರೋಟರಿ ಇದ್ದಾಗ ಇದೆಲ್ಲವೂ ಸರಿಯಾದ ಅಭ್ಯಾಸವೇ. ನೀರು ಆ ಕಾಂಪೌಂಡನ್ನು ಸಡಿಲಿಸುತ್ತಿತ್ತು, ಉಣ್ಣೆಯನ್ನು ತಂಪಾಗಿಡುತ್ತಿತ್ತು. ಫೋಮ್ ಪ್ಯಾಡ್‌ನ ಮೇಲೆ ಡಿಎ ಮೆಷಿನ್ ಹಿಡಿದಾಗ ಅದೇ ಕೈಚಳಕ ತಿರುಗುಬಾಣವಾಗಿತ್ತು.

ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿದ್ದೆವು. ಮೆಷಿನ್ ಗುಂಯ್ಗುಡುತ್ತಿದ್ದರೂ ಆ ಗೆರೆ ಬಹುಪಾಲು ಇದ್ದಲ್ಲಿಯೇ ನಡುಗುತ್ತಿತ್ತು. ಪ್ಯಾಡ್ ತಿರುಗುತ್ತಲೇ ಇರಲಿಲ್ಲ. ಹಿರಿಯ ಕೆಲಸಗಾರರು ಅದನ್ನು ಬಗ್ಗಿ ನೋಡಿ, ಒತ್ತಡ ಸ್ವಲ್ಪ ಸಡಿಲಿಸಿ, ಗೆರೆ ತಿರುಗಲು ಶುರುವಾದದ್ದನ್ನು ಕಂಡು ಮತ್ತೆ ಒತ್ತಿ ನಿಲ್ಲಿಸಿ, ಹೀಗೆ ಹಲವು ಸಲ ತಾವೇ ಮಾಡಿ ನೋಡಿದರು. ಅವರ ಮನಸ್ಸು ಬದಲಾದದ್ದು ನನ್ನ ವಿವರಣೆಯಿಂದಲ್ಲ, ಆ ಗೆರೆಯಿಂದ.

ಎರಡನೆಯ ಚೌಕಕ್ಕೆ ಹೊಸ ಒಣ ಪ್ಯಾಡ್, ಹದವಾದ ಒತ್ತಡ, ನಿಧಾನದ ಕೈ, ಪ್ಯಾಡ್ ಮೇಲೆ ನಾಲ್ಕು ಸಣ್ಣ ಹನಿ ಕಾಂಪೌಂಡ್. ಮೂರನೆಯದಕ್ಕೆ ಇದೆಲ್ಲವೂ ಹಾಗೆಯೇ, ಆದರೆ ಪ್ಯಾಡ್‌ನ ಇಡೀ ಮುಖಕ್ಕೆ ಮೊದಲೇ ಕಾಂಪೌಂಡ್ ಹಿಡಿಸಿದ್ದೆವು. ನಾಲ್ಕನೆಯದು ಮೂರನೆಯದರಂತೆಯೇ, ಅದರ ಮೇಲೆ ಮೆದು ಫಿನಿಶಿಂಗ್ ಪ್ಯಾಡ್ ಮತ್ತು ನಯವಾದ ಪಾಲಿಶ್‌ನ ಇನ್ನೊಂದು ಸುತ್ತು. ನಾಲ್ಕನ್ನೂ ಆಲ್ಕೋಹಾಲ್ ನೀರಿನಿಂದ ಒರೆಸಿ, ಬಾನೆಟ್ಟನ್ನು ಬಿಸಿಲಿಗೆ ತಂದು ನೋಡಿದೆವು. ಮೊದಲನೆಯದರಲ್ಲಿ ಮಬ್ಬು ಹೆಚ್ಚಿತ್ತು, ಸ್ವರ್ಲ್ ಅಷ್ಟಾಗಿ ಹೋಗಿರಲಿಲ್ಲ. ಎರಡನೆಯದು ತೇಪೆತೇಪೆಯಾಗಿತ್ತು, ಕೆಲವು ಕಡೆ ಚೆನ್ನಾಗಿ ಕೊರೆದಿತ್ತು, ಕೆಲವು ಕಡೆ ಬರಿಯ ಫೋಮ್ ತಿಕ್ಕಿದ ಹೊಸ ಸಣ್ಣ ಗೀರುಗಳಿದ್ದವು. ಮೂರನೆಯದು ಒಂದೇ ಸಮನಾಗಿತ್ತು, ಸ್ವರ್ಲ್ ಬಹುಪಾಲು ಮಾಯವಾಗಿತ್ತು, ತೆಳುವಾದ ಮಬ್ಬು ಮಾತ್ರ ಉಳಿದಿತ್ತು. ನಾಲ್ಕನೆಯದರಲ್ಲಿ ಆ ಮಬ್ಬೂ ಇರಲಿಲ್ಲ. ಹಳೆಯ ಕಾಂಪೌಂಡಿಗೇ ಈ ಶಕ್ತಿ ಇದ್ದಾಗ ಹೊಸದನ್ನು ಕೊಳ್ಳುವ ಅಗತ್ಯವೇ ಇರಲಿಲ್ಲ ಎಂಬುದು ಮಾಲೀಕರಿಗೆ ಸ್ವಲ್ಪ ನೋವನ್ನೇ ಕೊಟ್ಟಿತು.

ಪ್ಯಾಡ್ ಹದ ಮಾಡುವುದು

ಕಾಂಪೌಂಡ್‌ನಲ್ಲಿರುವ ಕಣಗಳೇ ಬಣ್ಣವನ್ನು ಕೊರೆಯುವುದು. ಪ್ಯಾಡ್ ಅವುಗಳನ್ನು ಹಿಡಿದು ಆಡಿಸುತ್ತದೆ. ಒಣ ಪ್ಯಾಡ್ ಮೇಲೆ ನಾಲ್ಕು ಹನಿ ಇಟ್ಟು ಶುರು ಮಾಡಿದರೆ ಆ ನಾಲ್ಕು ಜಾಗಗಳಲ್ಲಿ ಕಣಗಳು ಕಿಕ್ಕಿರಿದಿರುತ್ತವೆ, ಉಳಿದ ಮುಖ ಬರಿದಾಗಿ ಉಜ್ಜುತ್ತದೆ, ಉಜ್ಜಿದಲ್ಲಿ ಬಿಸಿಯೇರುತ್ತದೆ. ಕಾಂಪೌಂಡ್ ಎಲ್ಲ ಕಡೆ ಹರಡಿಕೊಳ್ಳುವ ಹೊತ್ತಿಗೆ ಚೌಕದ ಅರ್ಧ ಕೆಲಸ ಮುಗಿದಿರುತ್ತದೆ. ಹೊಸ ಕಾವಲಿಯನ್ನು ಎಣ್ಣೆ ಹಾಕಿ ಪಳಗಿಸದೆ ದೋಸೆ ಹೊಯ್ದರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ.

ಅಂಗಡಿಯಲ್ಲಿ ನೆಲೆಗೊಳಿಸಿದ ಕ್ರಮ ಸರಳವಾದದ್ದು. ತೊಳೆದು ಪೂರ್ತಿ ಒಣಗಿದ ಪ್ಯಾಡ್ ಅನ್ನು ಬ್ಯಾಕಿಂಗ್ ಪ್ಲೇಟಿಗೆ ಸರಿಯಾಗಿ ನಡುಮಧ್ಯದಲ್ಲಿ ಅಂಟಿಸಬೇಕು. ಅರ್ಧ ಇಂಚು ಪಕ್ಕಕ್ಕಾದರೂ ಮೆಷಿನ್ ಅದುರುತ್ತದೆ, ಅದುರಿದ ಮೆಷಿನ್ ಸಮನಾಗಿ ಕೊರೆಯುವುದಿಲ್ಲ. ಆಮೇಲೆ ಕಾಂಪೌಂಡನ್ನು ಪ್ಯಾಡ್ ಮೇಲೆ ಸುರುಳಿಯಾಗಿ ಸುರಿದು, ಕೈಗವಸಿನ ಬೆರಳಿನಿಂದ ಒತ್ತಿ, ಫೋಮ್‌ನ ರಂಧ್ರಗಳೊಳಗೆ ಇಳಿಯುವಂತೆ ಮುಖವಿಡೀ ತಿಕ್ಕಬೇಕು. ಇಡೀ ಮುಖಕ್ಕೆ ಒಂದೇ ತೆಳು ಬಣ್ಣ ಬಂದು, ಎಲ್ಲಿಯೂ ಗುಡ್ಡೆ ಕಾಣದಿದ್ದರೆ ಹದ ಬಂದಂತೆ. ಅಂಚಿಗೂ ಒಂದು ಸುತ್ತು ಸವರುವುದು ಒಳ್ಳೆಯದು, ಏಕೆಂದರೆ ಬಾಗಿಲಿನ ಹಿಡಿಕೆಯ ಸುತ್ತಲಿನ ತಗ್ಗುಗಳಲ್ಲಿ ಮುಟ್ಟುವುದು ಅಂಚೇ. ಮೈಕ್ರೋಫೈಬರ್ ಪ್ಯಾಡ್ ಆದರೆ ಇನ್ನೂ ಹೆಚ್ಚು ಹಿಡಿಯುತ್ತದೆ. ಅದರ ಪ್ರತಿ ಎಳೆಗೂ ಕಾಂಪೌಂಡ್ ತಾಗಬೇಕು, ತಾಗಿದ ಮೇಲೆ ಹೆಚ್ಚಾದದ್ದನ್ನು ಬ್ರಷ್ಷಿನಿಂದಲೋ ಕಂಪ್ರೆಸರ್ ಗಾಳಿಯಿಂದಲೋ ತೆಗೆದುಬಿಡಬೇಕು. ಇದೆಲ್ಲ ಪ್ರತಿ ಪ್ಯಾಡ್‌ಗೆ ಒಂದೇ ಸಲ. ಅಲ್ಲಿಂದ ಮುಂದೆ ಪ್ರತಿ ಚೌಕಕ್ಕೆ ಬಟಾಣಿ ಕಾಳಿನಷ್ಟರ ಮೂರು ನಾಲ್ಕು ಹನಿ ಸಾಕು.

ಹದ ಮಾಡಿದ ಪ್ಯಾಡ್ ಹಾಗೆಯೇ ಉಳಿಯುವುದಿಲ್ಲ ಎಂಬುದು ಇದರ ಇನ್ನೊಂದು ಮುಖ, ಅಂಗಡಿ ಹೆಚ್ಚು ಎಡವಿದ್ದು ಇಲ್ಲಿಯೇ. ಪ್ರತಿ ಚೌಕದಲ್ಲಿಯೂ ಸವೆದ ಕಾಂಪೌಂಡ್ ಮತ್ತು ಕೊರೆದು ಬಂದ ಬಣ್ಣದ ಪುಡಿ ರಂಧ್ರಗಳಲ್ಲಿ ಕೂರುತ್ತವೆ. ಅವನ್ನು ತೆಗೆಯದೆ ಹೊಸ ಹನಿ ಇಡುತ್ತ ಹೋದರೆ ಪ್ಯಾಡ್ ಭಾರವಾಗುತ್ತದೆ, ಗಟ್ಟಿಯಾಗುತ್ತದೆ, ತಿರುಗಲು ತಿಣುಕುತ್ತದೆ. ಒಣಗಿ ಉಂಡೆಗಟ್ಟಿದ ಪುಡಿ ತಾನೇ ಗೀರುತ್ತದೆ. ಆದ್ದರಿಂದ ಪ್ರತಿ ಚೌಕ ಮುಗಿದೊಡನೆ ಕಾರಿನಿಂದ ದೂರ ಸರಿದು ಪ್ಯಾಡ್‌ಗೆ ಗಾಳಿ ಹೊಡೆಯುವುದು, ಬಾಗಿಲು, ಬಾನೆಟ್ಟಿನಂಥ ಒಂದೆರಡು ಪ್ಯಾನೆಲ್ಲಿಗೊಮ್ಮೆ ಪ್ಯಾಡ್ ಬದಲಿಸುವುದು, ಸಂಜೆ ಎಲ್ಲವನ್ನೂ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ ಮುಚ್ಚಿದ ಡಬ್ಬದಲ್ಲಿಡುವುದು ನಿಯಮವಾಯಿತು. ಒಂದೇ ಕಾರಿಗೆ ಅರ್ಧ ಡಜನ್ ಪ್ಯಾಡ್ ಬೇಕೆಂದಾಗ ಮಾಲೀಕರು ಹೌಹಾರಿದರು. ಅವರ ಲೆಕ್ಕದಲ್ಲಿ ಪ್ಯಾಡ್ ಎಂದರೆ ಹರಿಯುವ ತನಕ ಬಾಳುವ ವಸ್ತು. ಅದನ್ನು ಕಾಂಪೌಂಡಿನಂತೆ ಖರ್ಚಾಗುವ ಸಾಮಾನೆಂದು ದರದಲ್ಲಿ ಸೇರಿಸಿದ್ದು ಈ ಪ್ರಕರಣದ ನಂತರವೇ.

ಕೈಯ ವಿಷಯದಲ್ಲಿ ಬದಲಾದದ್ದು ಮೂರು ಸಂಗತಿ. ಒಂದು ಸಲಕ್ಕೆ ಸುಮಾರು ಒಂದೂವರೆ ಅಡಿ ಚೌಕವನ್ನಷ್ಟೇ ಹಿಡಿದು, ಒಂದು ಸಾಲಿನ ಅರ್ಧ ಇನ್ನೊಂದರ ಮೇಲೆ ಬರುವಂತೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಸಾಗುವುದು. ಸೆಕೆಂಡಿಗೆ ಸುಮಾರು ಒಂದು ಇಂಚಿನಷ್ಟು ನಿಧಾನವಾಗಿ ಕೈ ಸರಿಸುವುದು. ಗೆರೆ ತಿರುಗುತ್ತಿರುವಷ್ಟೇ ಒತ್ತುವುದು. ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ಪ್ಯಾನೆಲ್ ಮುಟ್ಟಲಾಗದಷ್ಟು ಕಾಯುತ್ತಿದ್ದುದರಿಂದ ಕಾಂಪೌಂಡ್ ಬೇಗ ಒಣಗಿ ಅಂಟಿಕೊಳ್ಳುತ್ತಿತ್ತು. ಪಾಲಿಶಿಂಗನ್ನು ಬೆಳಗಿನ ಹೊತ್ತಿಗೆ ಸರಿಸಿದರು.

ಹಿಂಬಾಗಿಲು ಮತ್ತು ರೂಫ್

ಬಾನೆಟ್ಟು, ಡಿಕ್ಕಿ, ಬಲಗಡೆ ಎಲ್ಲವೂ ಅಂದುಕೊಂಡಂತೆ ಸಾಗಿದವು. ಎಡಗಡೆಯ ಹಿಂಬಾಗಿಲಿಗೆ ಬಂದಾಗ ಕೆಲಸಗಾರರು ಮೆಷಿನ್ ಆರಿಸಿ ನಿಂತರು. ಬಿಳಿ ಪ್ಯಾಡ್ ಕಪ್ಪಾಗಿತ್ತು. ಕ್ಲಿಯರ್ ಕೋಟ್ ಇರುವ ಬಣ್ಣದ ಮೇಲೆ ಪ್ಯಾಡ್‌ಗೆ ಬರುವುದು ಬೆಳ್ಳನೆಯ ಪುಡಿ. ಬಣ್ಣವೇ ಬಂದಿತೆಂದರೆ ಕ್ಲಿಯರ್ ಕೋಟ್ ತೂತಾಗಿರಬೇಕು, ಇಲ್ಲವೇ ಅದು ಮೊದಲಿನಿಂದಲೂ ಇದ್ದಿರಬಾರದು. ಎರಡಕ್ಕೂ ಪರಿಹಾರ ಬೇರೆಬೇರೆ. ಗೇಜ್‌ನ 230ರ ಅಂಕಿ ಬಾಗಿಲಿಗೆ ಮರುಬಣ್ಣ ಆಗಿದೆ ಎಂದಷ್ಟೇ ಹೇಳುತ್ತಿತ್ತು, ಯಾವ ಪದರ ಎಷ್ಟು ಎಂದು ಹೇಳುತ್ತಿರಲಿಲ್ಲ. ಬಾಗಿಲನ್ನು ತೆರೆದು, ಯಾವ ಮೆಷಿನ್ನೂ ಎಂದೂ ತಾಗಿರಲಾರದ ಒಳಮಡಿಕೆಯ ಅಂಚಿನಲ್ಲಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಚ್ಚಿ ಕೈಯಿಂದಲೇ ಉಜ್ಜಿದೆವು. ಬಟ್ಟೆ ಅಲ್ಲಿಯೂ ಕಪ್ಪಾಯಿತು. ಎಂದರೆ ಹಳೆಯ ಯಾವುದೋ ಅಪಘಾತದ ನಂತರ ಕ್ಲಿಯರ್ ಇಲ್ಲದೆ ಒಂದೇ ಪದರದ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಸಿದ್ದರು. ಗ್ರಾಹಕರು ಕಾರನ್ನು ಎರಡನೆಯ ಕೈಯಲ್ಲಿ ಕೊಂಡವರಾದ್ದರಿಂದ ಅವರಿಗೂ ಇದು ಗೊತ್ತಿರಲಿಲ್ಲ.

ಆ ಬಣ್ಣ ಕಾರ್ಖಾನೆಯ ಬಣ್ಣಕ್ಕಿಂತ ಮೆದುವಾಗಿತ್ತು, ಹದ ಮಾಡಿದ ಕಟಿಂಗ್ ಪ್ಯಾಡ್ ಕೂಡ ಅಲ್ಲಿ ಮಬ್ಬು ಬಿಡುತ್ತಿತ್ತು. ದಪ್ಪ ಸಾಕಷ್ಟಿದ್ದರೂ ಕೊರೆಯುವುದನ್ನು ಬಿಟ್ಟು, ಫಿನಿಶಿಂಗ್ ಪ್ಯಾಡ್ ಮತ್ತು ನಯವಾದ ಪಾಲಿಶ್‌ನ ಒಂದೇ ಹಂತದಲ್ಲಿ ಬಾಗಿಲನ್ನು ಮುಗಿಸಿದೆವು. ಕೆಲವು ಆಳದ ಗೀರುಗಳು ಉಳಿದವು. ಒಂದು ಕಾರಿನ ಮೇಲೆ ಮಾಡಿದ ಟೆಸ್ಟ್ ಸ್ಪಾಟ್ ಆ ಕಾರಿನ ಎಲ್ಲ ಪ್ಯಾನೆಲ್ಲಿಗೂ ಸಲ್ಲುತ್ತದೆ ಎಂಬ ಎಣಿಕೆ ಇಲ್ಲಿ ಮುರಿಯಿತು.

ರೂಫಿನ ತೊಡಕು ಬೇರೆ ತೆರನಾದದ್ದು. ಹಕ್ಕಿ ಹಿಕ್ಕೆ ಮತ್ತು ಬೋರ್‌ವೆಲ್ ನೀರಿನ ಸುಣ್ಣದ ಕಲೆಗಳು ಬಣ್ಣದೊಳಕ್ಕೆ ಇಳಿದಿದ್ದವು. ಕಲೆಯ ಮೇಲಿನ ಸುಣ್ಣವನ್ನು ಸೌಮ್ಯ ಆಮ್ಲದ ವಾಟರ್ ಸ್ಪಾಟ್ ರಿಮೂವರ್ ಕರಗಿಸಿತು. ಕೆಳಗಿನ ತಗ್ಗುಗಳು ಹಾಗೆಯೇ ನಿಂತವು. ಗ್ರಾಹಕರು ಅವನ್ನೂ ತೆಗೆಯಿರಿ ಎಂದರು. 80ರ ಆಸುಪಾಸಿನ ಅಂಚುಗಳಲ್ಲಿ ಹಿಂದೊಮ್ಮೆ ಯಾರೋ ಚೆನ್ನಾಗಿ ರಬ್ಬಿಂಗ್ ಮಾಡಿದ್ದಾರೆಂದು ಊಹಿಸಬಹುದಿತ್ತು, ಮತ್ತು ದಿನವಿಡೀ ಬಿಸಿಲು ತಿನ್ನುವ ಭಾಗ ಅದೇ. ಬಿಸಿಲಿನಿಂದ ಕಾಯುವ ಅಂಶ ಇರುವುದು ಕ್ಲಿಯರ್ ಕೋಟಿನಲ್ಲಿಯೇ. ಮಾಲೀಕರು ಗೇಜನ್ನು ಗ್ರಾಹಕರ ಕೈಗೇ ಕೊಟ್ಟು ಬಾನೆಟ್ಟು ಮತ್ತು ರೂಫ್ ಎರಡನ್ನೂ ಅಳೆಯಲು ಹೇಳಿದರು. ಅಂಕಿಗಳನ್ನು ನೋಡಿದ ಮೇಲೆ ಅವರು ಒತ್ತಾಯಿಸಲಿಲ್ಲ. ರೂಫಿಗೂ ಫಿನಿಶಿಂಗ್ ಹಂತ ಮಾತ್ರ ಆಯಿತು, ತಗ್ಗುಗಳು ಉಳಿದವು.

ಫಲಿತಾಂಶ, ಉಳಿದ ಪ್ರಶ್ನೆ

ಈ ಸಲ ಗ್ಲೇಜ್ ಹಚ್ಚದೆ, ಆಲ್ಕೋಹಾಲ್ ನೀರಿನಿಂದ ಒರೆಸಿ, ಹಗಲಿನ ಬಿಸಿಲಿನಲ್ಲಿಯೇ ಕಾರನ್ನು ತೋರಿಸಿ, ಆಮೇಲೆ ಕೋಟಿಂಗ್ ಹಾಕಿ ಕೊಟ್ಟರು. ಮಳೆಗಾಲ ಕಳೆದು ಕಾರು ಮತ್ತೆ ಬಂದಾಗ ಮಬ್ಬು ಮರುಕಳಿಸಿರಲಿಲ್ಲ. ಬಾಗಿಲುಗಳ ಕೆಳಭಾಗದಲ್ಲಿ ಹೊಸ ಸ್ವರ್ಲ್ ಮಾತ್ರ ಶುರುವಾಗಿತ್ತು. ದಿನವೂ ಒರೆಸುವುದು ನಿಂತಿರಲಿಲ್ಲ. ಗ್ರಾಹಕರು ಒರೆಸುವವರಿಗೆ ಎರಡು ಮೈಕ್ರೋಫೈಬರ್ ಬಟ್ಟೆ ಕೊಡಿಸಿದ್ದರು, ಬಟ್ಟೆ ಬದಲಾದರೂ ಬಕೆಟ್ಟು ಬದಲಾಗಿರಲಿಲ್ಲ.

ನಾಲ್ಕು ಚೌಕಗಳ ಪರೀಕ್ಷೆಗೆ ಒಂದು ಮಿತಿ ಇತ್ತು. ಮೊದಲ ಚೌಕದಲ್ಲಿ ಹಳೆಯ ಕೊಳೆ ಪ್ಯಾಡ್, ನೀರು, ಅತಿ ಒತ್ತಡ, ಓಡುವ ಕೈ ನಾಲ್ಕೂ ಒಟ್ಟಿಗೆ ಇದ್ದುದರಿಂದ ಮಬ್ಬಿಗೆ ಯಾವುದು ಎಷ್ಟು ಕಾರಣ ಎಂದು ಅದು ಹೇಳಲಾರದು. ನೀರೇ ಮುಖ್ಯ ದೋಷಿ ಎಂಬುದು ನನ್ನ ಆಗಿನ ಅಂದಾಜಾಗಿತ್ತು. ಹಿರಿಯ ಕೆಲಸಗಾರರಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಆಮೇಲೆ ಅವರೇ ಒಂದು ಹಳೆಯ ಬಾನೆಟ್ಟನ್ನು ಗುಜರಿಯಿಂದ ತಂದು, ಹದ ಮಾಡಿದ ಹೊಸ ಪ್ಯಾಡ್‌ಗೆ ಒಮ್ಮೆ ಮಾತ್ರ ತೆಳುವಾಗಿ ನೀರು ಚಿಮ್ಮಿಸಿ ಪಾಲಿಶ್ ಮಾಡಿ ತೋರಿಸಿದರು. ಕೊರೆತ ಸ್ವಲ್ಪ ಕಡಿಮೆಯಾಯಿತು, ಪುಡಿ ಹಾರುವುದೂ ಕಡಿಮೆಯಾಯಿತು, ಮಬ್ಬು ಬರಲಿಲ್ಲ. ಪ್ರತಿ ಚೌಕಕ್ಕೂ ನೀರು ಹೊಡೆಯುತ್ತ ಹೋದಾಗ ಫೋಮ್ ನೆನೆದು ಪ್ಯಾಡ್ ಕುಣಿಯಲು ಶುರುವಾಯಿತು, ಗೆರೆ ನಿಂತಿತು, ಆಗ ಮಬ್ಬು ಬಂತು. ಈಗ ಅಂಗಡಿಯಲ್ಲಿ ಸ್ಪ್ರೇ ಬಾಟಲಿಯನ್ನು ಎರಡು ಕಡೆ ಬಳಸುತ್ತಾರೆ: ಒಣಹವೆಯಲ್ಲಿ ಪ್ಯಾಡ್ ಶುರು ಮಾಡುವಾಗ ಒಂದು ಚಿಮ್ಮು, ಮತ್ತು ಟೆಂಪೋ, ಬಸ್ಸುಗಳ ಮರುಬಣ್ಣದ ಮೇಲೆ ಉಣ್ಣೆ ಪ್ಯಾಡ್ ಹಾಕಿ ರೋಟರಿ ಹಿಡಿದಾಗ ಹಿರಿಯರಿಗೆ ಸರಿ ಕಂಡಷ್ಟು.